ಹಳೆಯ ದೂರುಗಳನ್ನು ಬಿಟ್ಟು ಹೋಗಬೇಡಿ

ಸಂಪಾದಕರೇ,

'ತಾಂತ್ರಿಕ ಕಾರಣಗಳಿಂದ ಶನಿವಾರ ಮತ್ತು ಭಾನುವಾರ ನಮ್ಮ ಆನ್‌ಲೈನ್ ಸೇವೆ ಇರುವುದಿಲ್ಲ, ಗ್ರಾಹಕರು ಸಹಕರಿಸಬೇಕು' ಎಂಬ ಪ್ರಕಟಣೆಗಳನ್ನು ಪತ್ರಿಕೆಗಳಲ್ಲಿ ಎಲ್ಲರೂ ನೋಡಿರುತ್ತೇವೆ. ಎರಡೇ ಸಾಲು. ಸೋಮವಾರ ಸರಿಹೋಗುತ್ತೆ ಬಿಡು ಎಂದುಕೊಂಡು ಪುಟ ತಿರುಗಿಸುತ್ತೇವೆ. ಆ ಎರಡು ದಿನಕ್ಕೆ ಮೊದಲು ಏನೇನು ಕೆಲಸ ಆಗಿರಬೇಕು, ಆಗದಿದ್ದರೆ ಯಾರಿಗೆ ಪೆಟ್ಟು ಬೀಳುತ್ತದೆ ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ. ಪಂಪ್‌ಸೆಟ್ ಮಾರುವ ಕಂಪನಿಯೊಂದರ ಗ್ರಾಹಕ ಸೇವಾ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ದೂರು ದಾಖಲಿಸುವ ನಮ್ಮ ಪೋರ್ಟಲ್ ಇಷ್ಟು ದಿನ ಆಫೀಸಿನ ಸರ್ವರ್‌ನಲ್ಲೇ ಇತ್ತು, ಈಗ ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ಬಳಸುವ ಬೇರೆ ಕಂಪನಿಯ ಸರ್ವರ್‌ಗೆ ಹೋಗುತ್ತಿದೆ. ನಾಲ್ಕು ತಿಂಗಳಿಂದ ನನಗೆ ಅದರದ್ದೇ ತಯಾರಿ.

ಕ್ಲೌಡ್ ಬೇಡ ಎನ್ನುವವನು ನಾನಲ್ಲ. ಎಷ್ಟೋ ಕಂಪನಿಗಳಿಗೆ ಬೇರೆ ದಾರಿಯೂ ಇರಲಿಲ್ಲ. ದೂರು, ಕೆಲಸಗಳ ಲೆಕ್ಕ ಇಡುವ ಜಿರಾ ಎಂಬ ಸಾಫ್ಟ್‌ವೇರ್ ತಯಾರಿಸುವ ಅಟ್ಲಾಸಿಯನ್ ಕಂಪನಿ, ನಮ್ಮ ನಮ್ಮ ಯಂತ್ರಗಳಲ್ಲಿ ಹಾಕಿಕೊಳ್ಳುತ್ತಿದ್ದ ಸರ್ವರ್ ಆವೃತ್ತಿಗೆ ಬೆಂಬಲ ನಿಲ್ಲಿಸುತ್ತೇವೆ ಎಂದು 2020ರ ಅಕ್ಟೋಬರ್‌ನಲ್ಲೇ ಹೇಳಿತ್ತು. 2024ರ ಫೆಬ್ರುವರಿ 15ಕ್ಕೆ ನಿಲ್ಲಿಸಿಯೂ ಬಿಟ್ಟಿತು. ಸೆಕ್ಯೂರಿಟಿ ಅಪ್‌ಡೇಟ್ ಬರದ ಸಾಫ್ಟ್‌ವೇರ್‌ನಲ್ಲಿ ಜನರ ಫೋನ್ ನಂಬರ್, ವಿಳಾಸ ಇಟ್ಟುಕೊಂಡು ಕೂರುವುದು ತಪ್ಪು. ಹಾಗಾಗಿ ಹೋಗಲೇಬೇಕು. ಹೇಗೆ ಹೋಗುತ್ತೇವೆ ಎಂಬುದರಲ್ಲಿ ನನ್ನ ತಕರಾರಿದೆ.

ಮೊದಲ ಪ್ರಯೋಗದ ದಿನ ಹಳೆಯ ಡೇಟಾಬೇಸಿನ ನಕಲನ್ನು ಹೊಸದಕ್ಕೆ ಸುರಿದೆವು. ಅಲ್ಲೆಷ್ಟು ದೂರುಗಳಿದ್ದವೋ ಇಲ್ಲೂ ಅಷ್ಟೇ ಬಂದವು, ಲೆಕ್ಕ ಸರಿ ಎಂದು ಎಲ್ಲರಿಗೂ ಖುಷಿ. ನಾನು ಸುಮ್ನೆ ಒಂದು ದೂರು ತೆಗೆದು ನೋಡಿದೆ. ಹಿರಿಯೂರು ಕಡೆಯ ರೈತರೊಬ್ಬರು 'ಮೋಟ್ರು ಹತ್ತು ನಿಮಿಷ ಓಡಿ ಬಿಸಿಯಾಗಿ ನಿಂತೋಗುತ್ತೆ, ಎರಡು ಸಲ ವೈಂಡಿಂಗ್ ಮಾಡಿಸಿದೀನಿ, ಅಡಿಕೆ ಒಣಗ್ತಾ ಇದೆ' ಎಂದು ಬರೆದಿದ್ದರು. ಆ ಜಾಗದಲ್ಲಿ ಬರೀ ????? ????? ?????. ನಡುವೆ ಇಂಗ್ಲಿಷಿನಲ್ಲಿ ಬರೆದಿದ್ದ '5 ಎಚ್‌ಪಿ' ಒಂದೇ ಉಳಿದಿತ್ತು. ಮುಂದಿನ ದೂರು ತೆಗೆದೆ, ಅದೂ ಹಾಗೇ. ಕನ್ನಡದಲ್ಲಿ ಬರೆದವರ ಮಾತೆಲ್ಲ ಹೋಗಿತ್ತು, ಇಂಗ್ಲಿಷಿನವರದ್ದು ಒಂದಕ್ಷರವೂ ಅಲುಗಾಡಿರಲಿಲ್ಲ.

ಕಾರಣ ತೀರಾ ಸಣ್ಣದು. ಡೇಟಾ ಸಾಗಿಸುವ ಟೂಲ್‌ನಲ್ಲಿ ಅಕ್ಷರಗಳ ಸೆಟ್ಟಿಂಗ್ ಲ್ಯಾಟಿನ್-1 ಎಂದಿತ್ತು. ಅದರಲ್ಲಿ ಕನ್ನಡವೇ ಇಲ್ಲ. ಗೊತ್ತಿಲ್ಲದ ಅಕ್ಷರ ಕಂಡರೆ ಅದು ಪ್ರಶ್ನೆ ಚಿಹ್ನೆ ಹಾಕುತ್ತದೆ, ಒಮ್ಮೆ ಹಾಗೆ ಸೇವ್ ಆಯಿತೆಂದರೆ ಮೂಲ ಮಾತು ಅದರಿಂದ ವಾಪಸ್ ಸಿಗುವುದಿಲ್ಲ. ಹಳೆಯ ಪ್ರತಿ ಇದ್ದುದಕ್ಕೆ ನಾವು ಬಚಾವಾದೆವು. ಕನ್ನಡವೂ ಇರುವ ಯುಟಿಎಫ್-8 ಸೆಟ್ಟಿಂಗ್‌ಗೆ ಬದಲಾಯಿಸಿದ ಮೇಲೆ ಇನ್ನೊಂದು ಸಮಸ್ಯೆ ಎದ್ದಿತು. ಅದರಲ್ಲಿ ಇಂಗ್ಲಿಷಿನ ಅಕ್ಷರಕ್ಕೆ 1 ಬೈಟ್ (ಕಂಪ್ಯೂಟರಿನ ಜಾಗದ ಅಳತೆ) ಸಾಕು, ಕನ್ನಡದ ಒಂದೊಂದು ಅಕ್ಷರಕ್ಕೂ ಗುಣಿತದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಬೈಟ್ ಲೆಕ್ಕದಲ್ಲಿ ಮಿತಿ ಇಟ್ಟಿದ್ದ ಕಡೆ ಉದ್ದದ ಕನ್ನಡ ದೂರುಗಳು ಅರ್ಧಕ್ಕೇ ತುಂಡಾದವು.

ಅದಕ್ಕಿಂತ ಹಳೆಯವು ಇನ್ನೂ ಕಷ್ಟ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್ ಬಳಕೆಗೆ ಬರುವ ಮುಂಚೆ ನಮ್ಮವರು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದ ಟಿಪ್ಪಣಿಗಳಿವೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ, ಬೇರೆ ಕಡೆ ಅರ್ಥವಿಲ್ಲದ ರೋಮನ್ ಅಕ್ಷರಗಳು. ಅವನ್ನು ಮೊದಲು ಯೂನಿಕೋಡ್‌ಗೆ ಬದಲಾಯಿಸಿ ಆಮೇಲೆ ಸಾಗಿಸಬೇಕು. 'ಬೋರ್‌ವೆಲ್' ಎಂದು ಹುಡುಕಿದರೆ ಅರ್ಧ ದೂರುಗಳು ಸಿಗದೇ ಇದ್ದದ್ದು ಮತ್ತೊಂದು ತಲೆನೋವು. ಆ ಪದದಲ್ಲಿ ರಕಾರ ಅರ್ಕಾವತ್ತಾಗದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಕೆಲವರು ಅದನ್ನು ಹಾಕಿ ಬರೆಯುತ್ತಾರೆ, ಕೆಲವರು ಹಾಕುವುದಿಲ್ಲ, ಯಂತ್ರಕ್ಕೆ ಅವು ಎರಡು ಬೇರೆ ಪದ. ಕನ್ನಡ ಓದಬಲ್ಲವರು ಕೂತು ನೋಡದಿದ್ದರೆ ಇವು ಯಾವುವೂ ಪತ್ತೆಯಾಗುವುದಿಲ್ಲ ಅಲ್ವಾ? ಆದರೂ ಇಂಥ ಪ್ರಯೋಗದ ಪಟ್ಟಿಗಳಲ್ಲಿ ಕನ್ನಡದ ಹೆಸರೇ ಇರುವುದಿಲ್ಲ.

ನನಗೆ ಜಾಸ್ತಿ ಬೇಸರವಾದದ್ದು ಇನ್ನೊಂದು ಮಾತಿಗೆ. 'ಪೆಂಡಿಂಗ್ ದೂರು ಮಾತ್ರ ತಗೊಂಡು ಹೋಗೋಣ, ಕ್ಲೋಸ್ ಆದದ್ದು ಯಾಕೆ, ಸುಮ್ನೆ ಖರ್ಚು' ಎಂದು ಮೀಟಿಂಗ್‌ನಲ್ಲಿ ಹೇಳಿದರು. ಹಿರಿಯೂರಿನ ಆ ಮೋಟಾರು ವಾರಂಟಿಯೊಳಗೇ ಮೂರು ಸಲ ಕೆಟ್ಟಿದೆ. ಮೊದಲ ಎರಡು ದೂರುಗಳು ನಮ್ಮ ಲೆಕ್ಕದಲ್ಲಿ ಕ್ಲೋಸ್. ಅವನ್ನು ಬಿಟ್ಟರೆ ಹೊಸ ಪೋರ್ಟಲ್‌ನಲ್ಲಿ ಆ ರೈತರದ್ದು ಮೊದಲನೇ ದೂರು ಎಂದೇ ಕಾಣುತ್ತದೆ, ಬದಲಿ ಮೋಟಾರ್ ಕೇಳಲು ಅವರ ಬಳಿ ಆಧಾರವೇ ಉಳಿಯುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ಆಯೋಗಕ್ಕೆ ಹೋಗಲು 2 ವರ್ಷದ ಅವಕಾಶವಿದೆ. ಕಡೇಪಕ್ಷ ಅಷ್ಟು ಹಿಂದಿನ ದೂರುಗಳಾದರೂ ಇರಬೇಕು ಎಂದು ಹಟ ಹಿಡಿದೆ, ಒಪ್ಪಿದರು. ಬಿಟ್ಟು ಹೋಗಬೇಕಾದದ್ದೂ ಇದೆ. ಬಿಲ್ ಸಿಗದವರು ದೂರಿನ ಜೊತೆ ಆಧಾರ್ ಫೋಟೊ ಹಾಕಿದ್ದಾರೆ, ಅದನ್ನು ನಾವು ಕೇಳಿಯೇ ಇರಲಿಲ್ಲ. ಕ್ಲೌಡ್‌ಗೆ ಅದನ್ನು ಹೊತ್ತುಕೊಂಡು ಹೋಗುವುದು ಬೇಡ, ಇಲ್ಲೇ ಅಳಿಸಬೇಕು.

ಇನ್ನು ವಿಳಾಸದ ವಿಷಯ. ನಮ್ಮ ಹಳೆಯ ಪೋರ್ಟಲ್ ವಿಳಾಸ ಪಂಪಿನ ಸ್ಟಿಕ್ಕರ್ ಮೇಲಿದೆ, ವಾರಂಟಿ ಕಾರ್ಡಿನಲ್ಲಿದೆ. ಅದನ್ನು ಟೈಪ್ ಮಾಡಿದವರು ಹೊಸ ಪುಟಕ್ಕೇ ಬಂದು ಸೇರಬೇಕು, ಹಳೆಯ ದೂರು ಸಂಖ್ಯೆ ಹಾಕಿದರೂ ದೂರು ಸಿಗಬೇಕು. ಎಸ್ಸೆಮ್ಮೆಸ್ಸಿನದ್ದು ಎಷ್ಟೋ ಜನ ಮರೆಯುವ ಸಂಗತಿ. 2024ರ ಅಕ್ಟೋಬರ್ 1ರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ನಿಯಮದಂತೆ, ಮೊದಲೇ ನೋಂದಾಯಿಸದ ಲಿಂಕ್ ಇರುವ ಕಂಪನಿ ಸಂದೇಶಗಳನ್ನು ಮೊಬೈಲ್ ಕಂಪನಿಗಳು ತಡೆಯುತ್ತವೆ. ಪೋರ್ಟಲ್ ವಿಳಾಸ ಬದಲಾಗಿ ಹೊಸ ಲಿಂಕ್ ನೋಂದಣಿಯಾಗದಿದ್ದರೆ 'ನಿಮ್ಮ ದೂರು ಸ್ವೀಕರಿಸಲಾಗಿದೆ' ಎಂಬ ಸಂದೇಶವೇ ಗ್ರಾಹಕರಿಗೆ ತಲುಪುವುದಿಲ್ಲ.

ಅವಸರ ಮಾಡಿದರೆ ಏನಾಗುತ್ತದೆ ಎಂದು ಮೇಲಿನವರು ಕೇಳಿದಾಗ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನ ಕಥೆ ಹೇಳಿದೆ. 2018ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ ಗ್ರಾಹಕರ ಖಾತೆಗಳನ್ನು ಅವರು ಹೊಸ ವ್ಯವಸ್ಥೆಗೆ ಸಾಗಿಸಿದರು. ಡೇಟಾ ಸರಿಯಾಗಿಯೇ ಹೋಯಿತು, ವ್ಯವಸ್ಥೆ ಕೈಕೊಟ್ಟಿತು. ಪೂರ್ತಿ ಸರಿಹೋಗಲು ಡಿಸೆಂಬರ್ ಬಂತು, ಬಂದ ದೂರುಗಳು 2,25,492, ಆಮೇಲೆ 2022ರಲ್ಲಿ 4.865 ಕೋಟಿ ಪೌಂಡ್ ದಂಡ. ಕ್ಲೌಡ್‌ಗೆ ಹೋದ ಮೇಲೂ ನಿಶ್ಚಿಂತೆ ಇಲ್ಲ. 2022ರ ಏಪ್ರಿಲ್‌ನಲ್ಲಿ ಅಟ್ಲಾಸಿಯನ್‌ನವರದ್ದೇ ಒಂದು ಸ್ಕ್ರಿಪ್ಟ್ ತಪ್ಪಾಗಿ ಓಡಿ 775 ಗ್ರಾಹಕರ ಸೈಟುಗಳು ಅಳಿಸಿಹೋದವು, ಕೆಲವರಿಗೆ ವಾಪಸ್ ಸಿಗಲು 14 ದಿನ ಹಿಡಿಯಿತು. ಸೈಟಿನ ಜೊತೆಗೆ ಆ ಗ್ರಾಹಕರ ಸಂಪರ್ಕ ವಿವರಗಳೂ ಅಳಿಸಿದ್ದರಿಂದ ಅವರನ್ನು ತಲುಪುವುದೇ ತಡವಾಯಿತು. ಇದನ್ನು ಓದಿದ ಮೇಲೆ, ನಮ್ಮ ಗ್ರಾಹಕರ ಹೆಸರು, ನಂಬರ್, ದೂರು ಸಂಖ್ಯೆಯ ಒಂದು ಪ್ರತಿ ಕ್ಲೌಡ್‌ನಿಂದ ಹೊರಗೆ, ಬೀಗದ ಜೊತೆ ಭದ್ರವಾಗಿ ಇರಬೇಕು ಎಂದು ಬರೆದುಕೊಟ್ಟಿದ್ದೇನೆ.

ಕಂಪನಿಗಳಲ್ಲಿ, ಇಲಾಖೆಗಳಲ್ಲಿ ಈ ಕೆಲಸ ಮಾಡುತ್ತಿರುವವರು ದಯವಿಟ್ಟು ಸಾಗಿಸಿದ ಮೇಲೆ ಒಂದು ನೂರು ಕನ್ನಡ ದೂರುಗಳನ್ನಾದರೂ ತೆರೆದು ಓದಿ. ಪ್ರಕಟಣೆಯಲ್ಲಿ ಆ ಎರಡು ದಿನ ಫೋನ್ ಮಾಡಬೇಕಾದ ನಂಬರ್ ಹಾಕಿ. ಫೋನಿನ ಆ ತುದಿಯಲ್ಲಿ ಕನ್ನಡ ಮಾತಾಡುವವರಿರಲಿ. ಓದುಗರಿಗೂ ಒಂದು ಕೋರಿಕೆ. ಇಂಥ ಪ್ರಕಟಣೆ ಕಂಡ ದಿನವೇ ನಿಮ್ಮ ದೂರಿನ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಸಂಖ್ಯೆ ಮತ್ತು ತಾರೀಕು ಕಾಣುವ ಹಾಗೆ.

ಇಂತಿ,
ಗ್ರಾಹಕ ಸೇವಾ ವಿಭಾಗದ ನೌಕರ, ಬೆಂಗಳೂರು