ಚಾರ್ಜ್ ತಗೊಂಡ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಫೋನಿನಲ್ಲಿ ಏನಾದರೂ ಹೇಳಲು ಶುರು ಮಾಡಿದರೆ ಅರ್ಧಕ್ಕೇ "ಆಮೇಲೆ ಮಾಡ್ತೀನಮ್ಮ, ಆರ್‌ಐ ಸಾರ್ ಕರೀತಿದ್ದಾರೆ" ಅಂತ ನಿಮ್ಮ ರೆವಿನ್ಯೂ ಇನ್ಸ್‌ಪೆಕ್ಟರ್ ಹೆಸರು ಹೇಳಿ ಇಟ್ಟುಬಿಡುತ್ತೀಯ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ರಾತ್ರಿ ಊಟ ಆದಮೇಲೆ ನಿಧಾನವಾಗಿ ಓದಿಕೋ.

ಮೊದಲು ಒಂದು ಪ್ರಶ್ನೆ. ಗ್ರಾಮ ಆಡಳಿತ ಅಧಿಕಾರಿಯಾಗಿ ಅಧಿಕಾರ ವಹಿಸಿಕೊಂಡಾಗ ಚಾರ್ಜ್ ಪಟ್ಟಿಗೆ ಸಹಿ ಹಾಕಿದೆಯಲ್ಲ, ಅದರಲ್ಲಿ ಬರೆದಿದ್ದ ಪುಸ್ತಕ, ಕಡತ ಎಲ್ಲವನ್ನೂ ಕೈಯಲ್ಲಿ ಹಿಡಿದು ನೋಡಿದೆಯಾ? ನೋಡಿಲ್ಲದಿದ್ದರೆ ನಾಳೆಯೇ ನೋಡು. ಇಲ್ಲದ್ದನ್ನು "ಸ್ವೀಕರಿಸಿರುವುದಿಲ್ಲ" ಅಂತ ಬರೆದು ತಹಶೀಲ್ದಾರರಿಗೆ ಒಂದು ಪತ್ರ ಕೊಟ್ಟು ಟಪಾಲಿನಲ್ಲಿ ಸ್ವೀಕೃತಿ ತಗೋ. ಹಿಂದಿನವರು ಒಳ್ಳೆಯವರೇ ಇರಬಹುದು. ಆದರೆ ಐದು ವರ್ಷ ಆದಮೇಲೆ ಖಾತೆ ಬದಲಾವಣೆಯ ಒಂದು ಮ್ಯುಟೇಶನ್ ಕಡತ ಸಿಗಲಿಲ್ಲ ಅಂದರೆ ಕೇಳುವುದು ನಿನ್ನನ್ನು.

2024ರಲ್ಲಿ ಸಾವಿರ ಹುದ್ದೆಗೆ ಅರ್ಜಿ ಕರೆದಾಗ ಎಷ್ಟು ಮಕ್ಕಳು ಹಗಲು ರಾತ್ರಿ ಓದಿದರು ಅಂತ ನಿನಗೇ ಗೊತ್ತು. ಮೊದಲೆಲ್ಲ ಪಿಯುಸಿ ಅಂಕದ ಮೇಲೆ ಆಯ್ಕೆ ಆಗುತ್ತಿತ್ತು. ನೀನು ಪರೀಕ್ಷೆ ಬರೆದು ಬಂದವಳು. ಗ್ರಾಮ ಲೆಕ್ಕಿಗ ಅಂತಿದ್ದ ಹೆಸರೂ ಈಗ ದೊಡ್ಡದಾಗಿದೆ, ಗ್ರಾಮ ಆಡಳಿತ ಅಧಿಕಾರಿ! ಆದರೆ ನಿನ್ನ ವೃತ್ತದ ಹಳಬರು ಇವತ್ತೂ "ಶಾನುಭೋಗ್ರು ಬಂದವ್ರೆ" ಅಂತಲೇ ಅಂದಾರು, ಬೇಜಾರು ಮಾಡಿಕೊಳ್ಳಬೇಡ. ಶಾನುಭೋಗಿಕೆ, ಪಟೇಲಿಕೆ ಎಲ್ಲ ಅಪ್ಪನಿಂದ ಮಗನಿಗೆ ಇಳಿದು ಬರುತ್ತಿದ್ದ ಕಾಲ ಒಂದಿತ್ತು. 1961ರ ಕಾಯ್ದೆ ಅದನ್ನು ತೆಗೆದದ್ದರಿಂದಲೇ ಯಾರ ಮಗಳೋ ಯಾವುದೋ ಊರಿಗೆ ಹೋಗಿ ಆ ಕುರ್ಚಿಯಲ್ಲಿ ಕೂರಲು ಆಗಿರುವುದು.

ನಾನು ಕೆಲಸ ಮಾಡಿದ್ದು ತಾಲ್ಲೂಕು ಕಚೇರಿಯ ಒಳಗೆ, ಕೇಸ್ ವರ್ಕರ್ ಮೇಜಿನಲ್ಲಿ. ನೀನು ಬರೆಯುವ ವರದಿ ಹತ್ತಿಕೊಂಡು ಬರುವ ಮೆಟ್ಟಿಲುಗಳನ್ನೆಲ್ಲ ನೋಡಿದ್ದೇನೆ. ಹೇಗಿರುತ್ತದೆ ಅಂದರೆ, ನೀನು "ಸ್ಥಳ ಪರಿಶೀಲಿಸಲಾಗಿ" ಅಂತ ಶುರು ಮಾಡಿ ನಾಲ್ಕು ಸಾಲು ಬರೆಯುತ್ತೀಯ. ಆರ್‌ಐ ಅದರ ಕೆಳಗೆ "ಗ್ರಾ.ಆ.ಅ. ವರದಿಯನ್ನು ಒಪ್ಪಿ ಶಿಫಾರಸು ಮಾಡಿದೆ" ಅಂತಾರೆ. ಕೇಸ್ ವರ್ಕರ್ "ವರದಿಯಂತೆ ಕ್ರಮವಹಿಸಬಹುದಾಗಿದೆ" ಅಂತ ಟಿಪ್ಪಣಿ ಹಾಕಿ ಮಂಡಿಸುತ್ತಾಳೆ. ಶಿರಸ್ತೇದಾರರ ಇನಿಷಿಯಲ್, ತಹಶೀಲ್ದಾರರ ಸಹಿ. ಮೇಲ್ಮನವಿಗೆ ಹೋದರೆ ಎ.ಸಿ. ಅಂದರೆ ಅಸಿಸ್ಟೆಂಟ್ ಕಮಿಷನರ್ ಸಾಹೇಬರು ನೋಡುವುದೂ ಅದೇ ಕಡತವನ್ನೇ. ಸಹಿಗಳು ಐದಾರು, ಸ್ಥಳಕ್ಕೆ ಹೋಗಿ ನೋಡಿದ ಕಣ್ಣು ಒಂದೇ. ಆ ಕಣ್ಣು ಹೋಗದೇ ಇದ್ದರೆ ಸರ್ಕಾರ ಏನನ್ನೂ ನೋಡಿಲ್ಲ ಅಂತಲೇ ಲೆಕ್ಕ. ನಾನು ಹೇಳಬೇಕೆಂದಿರುವುದು ಇಷ್ಟೇ ಕಣೇ, ಉಳಿದದ್ದೆಲ್ಲ ಇದರ ವಿವರ.

ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆ ಬಂದಾಗ, ಅಂದರೆ 2000ದ ಆಸುಪಾಸಿನಲ್ಲಿ, ಇನ್ನು ಎಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದೆ ಅಂದುಕೊಂಡಿದ್ದೆವು. ಸುಮಾರು ಎರಡು ಕೋಟಿ ಪಹಣಿ, 67 ಲಕ್ಷ ಹಿಡುವಳಿದಾರರ ಹೆಸರು, 177 ತಾಲ್ಲೂಕು. ಲೆಕ್ಕಿಗರ ಬ್ಯಾಗಿನಲ್ಲಿ ಓಡಾಡುತ್ತಿದ್ದ ಪುಸ್ತಕದ ಪ್ರತಿಯನ್ನು ರೈತ 15 ರೂಪಾಯಿ ಕೊಟ್ಟು ಕಿಟಕಿಯಲ್ಲಿ ತಗೊಂಡು ಹೋಗುವಂತಾದದ್ದು ಸಣ್ಣ ಮಾತಲ್ಲ. ಅದನ್ನು ನಾನು ಯಾವತ್ತೂ ಹಗುರ ಮಾಡುವುದಿಲ್ಲ. ಆದರೆ ಪುಸ್ತಕದಲ್ಲಿ ಇದ್ದ ತಪ್ಪೂ ಅಚ್ಚುಕಟ್ಟಾಗಿ ಪ್ರಿಂಟ್ ಆಗಿ ಬರತೊಡಗಿತು. ಕಾಲಂ 3ರ ವಿಸ್ತೀರ್ಣಕ್ಕೂ ಕಾಲಂ 9ರಲ್ಲಿ ಮಾಲೀಕರ ಹೆಸರಿನ ಮುಂದಿರುವ ವಿಸ್ತೀರ್ಣದ ಒಟ್ಟಿಗೂ ತಾಳೆಯಾಗದ ಪಹಣಿಗಳು ನಿನ್ನ ವೃತ್ತದಲ್ಲೂ ಇರುತ್ತವೆ. ಕಂಪ್ಯೂಟರ್ ಹೊಲಕ್ಕೆ ಹೋಗುವುದಿಲ್ಲವಲ್ಲ.

ಈಗ ವಂಶವೃಕ್ಷದ ವಿಷಯ. ಇದನ್ನು ಎರಡು ಸಲ ಓದು.

ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಬರುತ್ತದೆ. ಅಪ್ಪ ತೀರಿಕೊಂಡಿದ್ದಾನೆ, ಮೂರು ಜನ ಗಂಡುಮಕ್ಕಳು, ವಂಶವೃಕ್ಷದಲ್ಲಿ ಅವರ ತಾಯಿ ಮತ್ತು ಆ ಮೂವರು. ಜೊತೆಗೆ ರೇಷನ್ ಕಾರ್ಡು, ಮರಣ ಪ್ರಮಾಣಪತ್ರ. ಮಹಜರಿಗೆ ಸಹಿ ಹಾಕಲು ಅಕ್ಕಪಕ್ಕದ ನಾಲ್ಕು ಜನ ಗಂಡಸರು ಚಹಾದಂಗಡಿಯ ಮುಂದೆ ಸಿದ್ಧವಾಗಿ ನಿಂತಿರುತ್ತಾರೆ. ಎಲ್ಲ ಸರಿಯಾಗಿಯೇ ಕಾಣುತ್ತದೆ. ಹೆಣ್ಣುಮಕ್ಕಳ ಹೆಸರು ಮದುವೆಯಾದಾಗಲೇ ರೇಷನ್ ಕಾರ್ಡಿನಿಂದ ಹೋಗಿರುತ್ತದೆ. ಆ ಕಾರ್ಡು ಅಡುಗೆಮನೆ ಯಾರದು ಅಂತ ಹೇಳುತ್ತದೆಯೇ ಹೊರತು ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು ಅಂತ ಹೇಳುವುದಿಲ್ಲ. ಸಹಿ ಹಾಕುವ ನಾಲ್ವರೂ ಸುಳ್ಳರಲ್ಲ. "ಹೆಣ್ಮಕ್ಕಳು ಕೊಟ್ಟ ಮನೇಲಿ ಅವ್ರಲ್ಲ ಮೇಡಂ" ಅಂದರೆ ಅವರ ಲೆಕ್ಕದಲ್ಲಿ ಮಾತು ಮುಗಿಯಿತು.

ನೀನು ಏನು ಮಾಡಬೇಕು ಅಂದರೆ, ಚಹಾದಂಗಡಿ ಬಿಟ್ಟು ಮನೆಗೆ ಹೋಗು. ಒಳಗೆ ಕೂತಿರುವ ಅಜ್ಜಿಯ ಹತ್ತಿರ ಕೂರು. "ನಿಮಗೆ ಹೆಣ್ಣುಮಕ್ಕಳು ಎಷ್ಟು" ಅಂತ ಕೇಳಿದರೆ ಅವಳು ಮಗನ ಮುಖ ನೋಡುತ್ತಾಳೆ. "ಗೌರಿ ಹಬ್ಬಕ್ಕೆ ಯಾರ್ಯಾರಿಗೆ ಬಾಗಿನ ಕೊಡ್ತೀರಜ್ಜಿ" ಅಂತ ಕೇಳು. ದೊಡ್ಡವಳನ್ನು ಕಡೂರಿಗೆ ಕೊಟ್ಟಿದೀವಿ, ಚಿಕ್ಕವಳು ಅರಸೀಕೆರೆ, ಒಬ್ಬಳು ಹೆರಿಗೇಲಿ ಹೋದಳು, ಅವಳಿಗೊಬ್ಬ ಮಗ ಇದಾನೆ ಅಂತ ಎಲ್ಲವೂ ತಾನಾಗಿ ಬರುತ್ತದೆ. ಆ ತೀರಿಹೋದವಳ ಮಗನ ಹೆಸರೂ ವಂಶವೃಕ್ಷಕ್ಕೆ ಬೇಕು, ಮರೆಯಬೇಡ. ಇನ್ನೊಂದು ದಾಖಲೆ ಹೇಳಲಾ? ತಿಥಿ ಕಾರ್ಡು. ವೈಕುಂಠ ಸಮಾರಾಧನೆಗೋ ಶಿವಗಣಾರಾಧನೆಗೋ ಹಂಚಿದ ಕಾರ್ಡಿನಲ್ಲಿ "ಪುತ್ರಿಯರು, ಅಳಿಯಂದಿರು" ಅಂತ ಎಲ್ಲರ ಹೆಸರನ್ನೂ ಪ್ರೀತಿಯಿಂದ ಅಚ್ಚು ಹಾಕಿಸಿರುತ್ತಾರೆ. ಖಾತೆಗೆ ಬಂದಾಗ ಮಾತ್ರ ಆ ಹೆಸರುಗಳು ಮಾಯ!

ಕಾನೂನು ನಿನಗೆ ಪರೀಕ್ಷೆಗೆ ಓದಿ ಗೊತ್ತಿದೆ. 1956ರ ಕಾಯ್ದೆಯಲ್ಲೇ ಮಗಳು ಮೊದಲ ದರ್ಜೆಯ ವಾರಸುದಾರಳು. ಪಿತ್ರಾರ್ಜಿತದಲ್ಲಿ ಸಮಪಾಲು ಕರ್ನಾಟಕದಲ್ಲಿ 1994ರಲ್ಲೇ ಬಂತು, ಆಗ ಅದಾಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿದ್ದರು. 2005ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಅಪ್ಪ ಆಗ ಬದುಕಿರಲಿ ಬಿಡಲಿ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅಂಗಳದಲ್ಲಿ ನಿಂತು ಇದನ್ನು ಭಾಷಣ ಮಾಡಲು ಹೋಗಬೇಡ, ಯಾರಿಗೆ ಎಷ್ಟು ಪಾಲು ಅಂತ ತೀರ್ಮಾನಿಸುವುದು ನಿನ್ನ ಕೆಲಸವೂ ಅಲ್ಲ. ಯಾರಿದ್ದಾರೆ ಅಂತ ಬರೆಯುವುದು ನಿನ್ನ ಕೆಲಸ. ಅಕ್ಕ ತಂಗಿಯರು ನಿಜವಾಗಿಯೂ ಬೇಡ ಅನ್ನುವುದಾದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಕೊಡಲಿ. ಅದಕ್ಕೆ ದಾರಿ ಇದೆ. ಹೆಸರನ್ನೇ ಬಿಡುವುದು ದಾರಿಯಲ್ಲ.

ಹೆಸರು ಬಿಟ್ಟರೆ ಏನಾಗುತ್ತದೆ ಅಂತ ನನ್ನ ಮೇಜಿನ ಮೇಲೆ ನೋಡಿದ್ದೇನೆ. ಒಂದು ಮನೆಯ ಮೂವರು ಅಣ್ಣತಮ್ಮಂದಿರಿಗೆ ಹೀಗೇ ಸಲೀಸಾಗಿ ಖಾತೆ ಆಗಿತ್ತು. ತಕರಾರು ಯಾರೂ ಹಾಕಲಿಲ್ಲ. ಚಾವಡಿಯ ಗೋಡೆಗೆ ಹಚ್ಚಿದ ನೋಟಿಸು ಕೊಟ್ಟ ಊರಿನಲ್ಲಿದ್ದ ಅಕ್ಕನಿಗೆ ಹೇಗೆ ಕಾಣಬೇಕು? ಅವಳ ಗಂಡ ತೀರಿಕೊಂಡು, ಕೈಯಲ್ಲಿ ಏನೂ ಇಲ್ಲದೆ ತವರಿನ ಪಹಣಿ ತೆಗೆಸಿದಾಗ ಗೊತ್ತಾಯಿತು. ದಾವೆ ಹೂಡಿದಳು. ಕೋರ್ಟಿನ ತಡೆಯಾಜ್ಞೆ ಪಹಣಿಯಲ್ಲಿ ಇತರ ಹಕ್ಕು, ಋಣ ಬರೆಯುವ ಕಾಲಂ 11ರಲ್ಲಿ ಕೂತಿತು. ಅಣ್ಣತಮ್ಮಂದಿರಿಗೆ ಬೆಳೆ ಸಾಲವೂ ಹುಟ್ಟಲಿಲ್ಲ, ಬೋರ್‌ವೆಲ್ ಕೊರೆಸಲು ಒಂದು ತುಂಡು ಮಾರಲೂ ಆಗಲಿಲ್ಲ. ನಾನು ನಿವೃತ್ತಿಯಾಗುವ ಹೊತ್ತಿಗೂ ಆ ಕಡತ ಮುಗಿದಿರಲಿಲ್ಲ. ಮೊದಲ ದಿನ ಬರೆಯಬೇಕಾಗಿದ್ದದ್ದು ಒಂದೇ ಒಂದು ಹೆಸರು.

ಬೆಳೆ ಕಟಾವು ಪ್ರಯೋಗ ನಿನ್ನ ಮೇಲೆ ಬೀಳುತ್ತದೆ, ರಾಗಿ ಕೊಯ್ಲಿನ ಹೊತ್ತಿಗೆ. ಅದನ್ನು ತಲೆನೋವು ಅಂತ ಎಲ್ಲರೂ ಬೈಯುತ್ತಾರೆ. ನನಗೆ ಮಾತ್ರ ಇಡೀ ಇಲಾಖೆಯಲ್ಲಿ ಇಷ್ಟವಾದ ಕೆಲಸ ಅದು, ಮಾಡುವ ಭಾಗ್ಯ ನನಗೆ ಬರಲಿಲ್ಲ ಅಷ್ಟೇ. ಸರ್ವೆ ನಂಬರನ್ನು ನೀನು ಆರಿಸುವಂತಿಲ್ಲ, ಪಟ್ಟಿಯಲ್ಲೇ ಬರುತ್ತದೆ. ಹೊಲದ ಒಳಗೆ ಎಲ್ಲಿ ಗೂಟ ಹೊಡೆಯಬೇಕು ಅನ್ನುವುದಕ್ಕೂ ಸಂಖ್ಯೆ ಇರುತ್ತದೆ, ಅಷ್ಟು ಹೆಜ್ಜೆ ಉದ್ದಕ್ಕೆ, ಅಷ್ಟು ಹೆಜ್ಜೆ ಅಡ್ಡಕ್ಕೆ. ಐದು ಮೀಟರ್‌ಗೆ ಐದು ಮೀಟರ್ ಚೌಕ, ಅದರೊಳಗಿನ ಬೆಳೆ ಕೊಯ್ದು ತೂಗಬೇಕು. ಟೇಪಿನಲ್ಲಿ ಮೂಲೆಯಿಂದ ಮೂಲೆಗೆ ಹಿಡಿದು ನೋಡು, 7 ಮೀಟರ್ 7 ಸೆಂಟಿಮೀಟರ್ ಬರಬೇಕು. ಬರದಿದ್ದರೆ ಚೌಕ ವಾರೆಯಾಗಿದೆ, ಗೂಟ ಕಿತ್ತು ಮತ್ತೆ ಹೊಡೆಸು.

ರೈತ ಪಕ್ಕದಲ್ಲಿ ನಿಂತು "ಸ್ವಲ್ಪ ಕಮ್ಮಿ ಬರಕೊಳ್ಳಿ ಮೇಡಂ, ವಿಮೆ ಬರ್ಲಿ" ಅಂತಾನೆ. ವಿಮಾ ಕಂಪನಿಯವನು ಬಂದಿದ್ದರೆ ಅವನಿಗೆ ತೆನೆ ತುಂಬಿದ ಕಡೆಯೇ ಕಣ್ಣು. ಲೆಕ್ಕ ನೋಡು: ಚೌಕ ಇರುವುದು 25 ಚದರ ಮೀಟರ್, ಹೆಕ್ಟೇರಿಗೆ ನಾನೂರು ಪಟ್ಟು. ಅಲ್ಲಿ ಒಂದು ಕಿಲೋ ರಾಗಿ ಹೆಚ್ಚುಕಡಿಮೆ ಆದರೆ ಹೆಕ್ಟೇರಿಗೆ ನಾಲ್ಕು ಕ್ವಿಂಟಾಲ್ ವ್ಯತ್ಯಾಸ. ಪಂಚಾಯಿತಿಯ ಇಳುವರಿ ನಿಂತಿರುವುದು ಅಂಥ ಬೆರಳೆಣಿಕೆಯ ಚೌಕಗಳ ಮೇಲೆ. ಹಿಂದಿನ ಏಳು ವರ್ಷದಲ್ಲಿ ಉತ್ತಮವಾದ ಐದು ವರ್ಷದ ಸರಾಸರಿ ಇಟ್ಟುಕೊಂಡು ಅದರ ಒಂದು ನಿಗದಿತ ಶೇಕಡಾ ಮಟ್ಟಕ್ಕಿಂತ ಎಷ್ಟು ಕುಸಿಯಿತು ಅಂತ ಪರಿಹಾರ ನಿಗದಿ ಮಾಡುತ್ತಾರೆ. ವರ್ಷ ವರ್ಷವೂ ಕನಿಕರದಿಂದ ಕಮ್ಮಿ ಬರೆಯುತ್ತ ಹೋದರೆ ಅದು ಮುಂದಿನ ವರ್ಷಗಳ ಸರಾಸರಿಗೂ ಹೋಗಿ ಸೇರುತ್ತದೆ, ನಿಜವಾದ ಬರ ಬಂದಾಗ ಅದೇ ರೈತನಿಗೆ ಹೊಡೆತ. ತೂಕದ ಯಂತ್ರ ಸೊನ್ನೆಯಲ್ಲಿದೆಯಾ ಅಂತ ನೀನೇ ನೋಡು, ಬೇರೆಯವರಿಗೆ ಬಿಡಬೇಡ.

ಇನ್ನು ಆ್ಯಪ್‌ಗಳು. ಸರ್ವೆ ನಂಬರ್ ತೋರಿಸುವ ದಿಶಾಂಕ್, ಸರ್ಕಾರಿ ಜಮೀನು ಕಾಯುವ ಲ್ಯಾಂಡ್ ಬೀಟ್, ಪಹಣಿಗೆ ಆಧಾರ್ ಜೋಡಣೆ, ಬಗರ್ ಹುಕುಂ... ಎಲ್ಲ ನಿನ್ನ ಒಂದೇ ಮೊಬೈಲಿನಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ನಿನ್ನ ಹಿರಿಯರು ಇದಕ್ಕೇ ಮುಷ್ಕರ ಕೂತಿದ್ದರು, ಕೂರಲು ಸರಿಯಾದ ಕಚೇರಿ ಕೊಡಿ ಅಂತಲೂ ಕೇಳಿದ್ದರು. ಕೇಳಿದ್ದು ನ್ಯಾಯ. "ಸರ್ಕಾರದ ಕೆಲಸ ದೇವರ ಕೆಲಸ" ಅಂತ ವಿಧಾನಸೌಧದ ಮೇಲೆ ಬರೆಸಿಟ್ಟಿದ್ದಾರೆ, ದೇವರಿಗಾದರೂ ಒಂದು ಗುಡಿ ಇರುತ್ತದೆ. ನಿನ್ನ ಕಚೇರಿಯಲ್ಲಿ ಶೌಚಾಲಯಕ್ಕೆ ನೀರಿಲ್ಲ ಅಂದೆಯಲ್ಲ, ಸುಮ್ಮನೆ ಸಹಿಸಿಕೊಂಡು ಇರಬೇಡ. ಪಂಚಾಯಿತಿಗೂ ತಹಶೀಲ್ದಾರರಿಗೂ ಬರೆದು ಕೊಡು, ಬಾಯಲ್ಲಿ ಹೇಳಿದ್ದು ಕಡತವಾಗುವುದಿಲ್ಲ.

ಅರ್ಜಿಗಳನ್ನು ಗೊತ್ತಾದ ದಿನದೊಳಗೆ ಮುಗಿಸಬೇಕು ಅನ್ನುವ ಸಕಾಲದ ಬಗ್ಗೆ ಒಂದು ಎಚ್ಚರ. 2012ರಲ್ಲಿ ಅದು ಶುರುವಾದಾಗ ನಮ್ಮ ಕಚೇರಿಯಲ್ಲಿ ಗಡಿಯಾರ ಕಟ್ಟಿದ ಹಾಗಾಯಿತು. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಅರ್ಜಿದಾರನಿಗೆ ಕೊಡಬೇಕು. ಒಳ್ಳೆಯ ಕಾಯ್ದೆ. ಆದರೆ ಅವಧಿ ಮುಗಿಯುವ ದಿನ ಸಂಜೆ "ದಾಖಲೆ ಅಪೂರ್ಣ, ತಿರಸ್ಕರಿಸಿದೆ" ಅಂತ ಒತ್ತಿ ಪಟ್ಟಿ ಖಾಲಿ ಮಾಡುವ ಚಾಳಿಯೂ ಅದರ ಜೊತೆಗೇ ಬೆಳೆಯಿತು. ತಾಲ್ಲೂಕಿಗೆ ಒಳ್ಳೆಯ ರ‍್ಯಾಂಕ್, ಅರ್ಜಿ ಕೊಟ್ಟವನಿಗೆ ಮತ್ತೆ ಬಸ್ ಚಾರ್ಜು. ದಾಖಲೆ ಕಮ್ಮಿ ಇದ್ದರೆ ಬಂದ ದಿನವೇ ಫೋನ್ ಮಾಡಿ ಹೇಳು. ತಿರಸ್ಕರಿಸಲೇಬೇಕಾದರೆ ಹಿಂಬರಹದಲ್ಲಿ ಯಾವ ಕಾಗದ ಬೇಕು ಅಂತ ಹೆಸರು ಹಿಡಿದು ಬರೆ. "ಸೂಕ್ತ ದಾಖಲೆ" ಅಂತ ಬರೆದರೆ ಅದು ಯಾವ ದಾಖಲೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ದುಡ್ಡಿನ ವಿಷಯ ನಾನು ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೀಯ. ಆದರೂ ಹೇಳುತ್ತೇನೆ. ಅದು ಲಂಚ ಅಂತ ಹೆಸರಿಟ್ಟುಕೊಂಡು ಬರುವುದಿಲ್ಲ. ಮೊದಲು ಎಳನೀರು, ಆಮೇಲೆ "ಪೆಟ್ರೋಲ್‌ಗೆ ಇರಲಿ ಮೇಡಂ". ಓಡಾಟದ ಭತ್ಯೆ ಸಾಲದ್ದು ನಿಜ, ಆ ನಿಜವೇ ನೆಪವಾಗುತ್ತದೆ. ನಮ್ಮ ಕಚೇರಿಯಲ್ಲಿ ಒಂದು ಟ್ರ್ಯಾಪ್ ಆದಾಗ ನಾನು ಎದುರಿನ ಮೇಜಿನಲ್ಲೇ ಇದ್ದೆ. ನೋಟಿಗೆ ಪುಡಿ ಸವರಿ ಕೊಟ್ಟಿರುತ್ತಾರೆ, ಮುಟ್ಟಿದ ಕೈಯನ್ನು ಸೋಡಾ ನೀರಿನ ಲೋಟಕ್ಕೆ ಅದ್ದಿಸುತ್ತಾರೆ, ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ಮನುಷ್ಯ ಕೆಟ್ಟವನೇನಲ್ಲ, ನಮ್ಮ ಮನೆಗೆ ಹಬ್ಬಕ್ಕೆ ಬಂದು ಉಂಡವನು. ಪಕ್ಕದ ಮೇಜಿನವರೆಲ್ಲ ಆವತ್ತು ತಮ್ಮ ತಮ್ಮ ಕೈ ನೋಡಿಕೊಂಡರು. ನೀನು ಎಳನೀರು ಕುಡಿಯಬೇಕಾದರೆ ಅಂಗಡಿಯಲ್ಲಿ ದುಡ್ಡು ಕೊಟ್ಟು ಕುಡಿ.

ಗ್ರಾಮ ಸಹಾಯಕರು ನಿಮ್ಮಪ್ಪನ ವಯಸ್ಸಿನವರು ಅಂದೆ. ಹೆಸರು ಹಿಡಿದು ಕೂಗಬೇಡ, ಅಣ್ಣ ಅನ್ನು. ಯಾವ ಕೆರೆಯ ಅಂಗಳವನ್ನು ಯಾರು ಒತ್ತಿದ್ದಾರೆ, ಯಾವ ಮನೆ ಮಳೆಗೆ ಬಿದ್ದದ್ದು, ಯಾವುದನ್ನು ಪರಿಹಾರಕ್ಕೆ ಬೀಳಿಸಿದ್ದು, ಎಲ್ಲ ಅವರಿಗೆ ಗೊತ್ತಿರುತ್ತದೆ. ಆದರೆ ಊರಿನಲ್ಲೇ ಬದುಕಬೇಕಾದ ಮನುಷ್ಯ, ಎಲ್ಲರ ಮುಂದೆ ಕೇಳಿದರೆ ಬಾಯಿ ಬಿಡಲಾರರು. ಗಾಡಿಯಲ್ಲಿ ಹಿಂದೆ ಕೂರಿಸಿಕೊಂಡು ಹೋಗುವಾಗ ಕೇಳು. ಅವರು ಹೇಳಿದರು ಅಂತ ಎಲ್ಲೂ ಬರೆಯಬೇಡ. ಹೋಗಿ ನೋಡಿ, ನಾನು ನೋಡಿದೆ ಅಂತ ಬರೆ.

ಇನ್ನು ನಿನ್ನ ಕಾಗದಪತ್ರ. ಸೇವಾ ಪುಸ್ತಕ ತೆರೆದಿದ್ದಾರಾ ಅಂತ ಕೇಳು, ತೆರೆದಿದ್ದರೆ ಹುಟ್ಟಿದ ದಿನಾಂಕವನ್ನು ನಿನ್ನ ಕಣ್ಣಿನಿಂದ ನೋಡು. ಕೆಜಿಐಡಿ ವಿಮೆ ಅರ್ಜಿ, ಎನ್‌ಪಿಎಸ್ ಪಿಂಚಣಿ ಅರ್ಜಿ ಎರಡರಲ್ಲೂ ನಾಮಿನಿ ಜಾಗ ಖಾಲಿ ಬಿಡಬೇಡ. ಇಲಾಖಾ ಪರೀಕ್ಷೆಗೆ ಕರೆದಾಗ ಅಕೌಂಟ್ಸ್ ಲೋಯರ್ ಕಟ್ಟಿಬಿಡು, ಮದುವೆ ಮಕ್ಕಳು ಅಂತಾದ ಮೇಲೆ ಓದಲು ಆಗುವುದಿಲ್ಲ. ನನ್ನ ಹಳೆಯ ಭೂಕಂದಾಯ ಕಾಯ್ದೆಯ ಪುಸ್ತಕದಲ್ಲಿ ಖಾತೆ ಬದಲಾವಣೆ, ಮೇಲ್ಮನವಿಗೆ ಸಂಬಂಧಿಸಿದ 128, 129, 136ನೇ ಕಲಮುಗಳ ಪಕ್ಕ ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ. ಚಟ್ನಿಪುಡಿ, ಕೊಬ್ಬರಿ ಜೊತೆ ಅದನ್ನೂ ಕಟ್ಟಿ ಶನಿವಾರ ಬೆಳಗಿನ ಬಸ್ಸಿಗೆ ಹಾಕಿಸುತ್ತಾರೆ ನಿಮ್ಮಪ್ಪ. ಬಸ್ ನಂಬರ್ ವಾಟ್ಸ್ಆ್ಯಪ್ ಮಾಡುತ್ತೇನೆ, ಸ್ಟ್ಯಾಂಡಿಗೆ ಹತ್ತು ನಿಮಿಷ ಮುಂಚೆಯೇ ಹೋಗಿರು.

ನಿನ್ನ ಅಮ್ಮ