ತಣ್ಣೀರ ಕೆರೆಗೆ ಹೋದ ಬುತ್ತಿ

ಸಿಯಾಟಲ್, ಅಕ್ಟೋಬರ್

ಪ್ರೀತಿಯ ಅವ್ವ, ಅಪ್ಪ,

ಭಾನುವಾರ ರಾತ್ರಿ ಫೋನಿನಲ್ಲಿ "ಎಲ್ಲಾ ಚಲೋ ಆತು" ಅಂತ ಒಂದೇ ಮಾತಿನಲ್ಲಿ ಮುಗಿಸಿದೆ. ಅವ್ವ, "ಕರಡಿ ಇರೋ ಗುಡ್ಡದಾಗ ಹೋಗಿ ಮಲಗೋದು ಏನು ಬೇಕಾಗಿತ್ತು" ಅಂತ ನೀನು ಕೇಳಿದಾಗ ಉತ್ತರ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳದೇ ಬಿಟ್ಟ ಒಂದು ಸಂಗತಿಯೂ ಇದೆ. ಪೂರ್ತಿ ಓದಿದ ಮೇಲೆ ಬೈಯಿರಿ.

ಹೋದದ್ದು ಎನ್‌ಚಾಂಟ್‌ಮೆಂಟ್ಸ್ ಅನ್ನುವ ಜಾಗಕ್ಕೆ. ಕ್ಯಾಸ್ಕೇಡ್ ಪರ್ವತಗಳ ನಡುವೆ, ಲೆವನ್‌ವರ್ತ್ ಊರಿನ ಹತ್ತಿರ ಇದೆ. ಅಲ್ಲಿ ಒಂದರ ಮೇಲೊಂದು ಮೆಟ್ಟಿಲು ಇಟ್ಟ ಹಾಗೆ ಕೆರೆಗಳಿವೆ. ಮೇ 15ರಿಂದ ಅಕ್ಟೋಬರ್ 31ರವರೆಗೆ ರಾತ್ರಿ ಉಳಿಯಬೇಕಾದರೆ ಪರವಾನಗಿ ಬೇಕು. ಫೆಬ್ರುವರಿಯಲ್ಲಿ ಅದಕ್ಕೆ ಲಾಟರಿ. ಎರಡು ವರ್ಷ ನನಗೆ ಸಿಕ್ಕಿರಲಿಲ್ಲ. ಈ ಸಲ ಕೋಲ್ಚಕ್ ಕೆರೆಯ ಹತ್ತಿರ ಎರಡು ರಾತ್ರಿ ಸಿಕ್ಕಿತು, ಅದೂ ದಸರಾ ಮುಗಿದ ಮರುದಿನ! ಬಿಡಲು ಮನಸ್ಸಾಗಲಿಲ್ಲ.

ನಾವು ನಾಲ್ಕು ಜನ. ನಾನು, ಕುಂದಾಪುರದ ಗೆಳತಿ, ರಾಣೇಬೆನ್ನೂರಿನ ಹುಡುಗ, ಇಲ್ಲಿಯವಳೇ ಆದ ನನ್ನ ಆಫೀಸಿನ ಗೆಳತಿ. ಡೇರೆ, ಹಾಸಿಗೆ, ಒಲೆ, ಊಟ ಎಲ್ಲಾ ಬೆನ್ನ ಮೇಲೇ. ನನ್ನ ಚೀಲ 14 ಕಿಲೋ ಇತ್ತು. ದಾರಿ ಬರೀ ಆರೂವರೆ ಕಿಲೋಮೀಟರ್, ಆದರೆ 700 ಮೀಟರ್ ಏರು. ಕೊನೆಯ ಏರಿನಲ್ಲಿ ಯಾರೂ ಮಾತಾಡಲಿಲ್ಲ. ಮರಗಳ ಸಂದಿಯಲ್ಲಿ ನೀರು ಕಂಡಾಗ ಮಾತ್ರ ಕುಂದಾಪುರದವಳು "ಅಯ್ಯಬ್ಬಾ" ಅಂತ ಅಲ್ಲೇ ಕೂತುಬಿಟ್ಟಳು.

ಅಪ್ಪ, ಆ ನೀರಿನ ಬಣ್ಣ ಹೇಗೆ ಹೇಳಲಿ? ಅವ್ವನ ಹಳೆಯ ನವಿಲು ಬಣ್ಣದ ಇಳಕಲ್ ಸೀರೆಗೆ ಬೆಳಕು ಹಾಯಿಸಿದ ಹಾಗೆ. ಮೇಲೆ ಹಿಮನದಿ ಬಂಡೆಯನ್ನು ಉಜ್ಜಿ ಉಜ್ಜಿ ಹಿಟ್ಟು ಮಾಡುತ್ತದೆ. ಆ ಸಣ್ಣ ಹಿಟ್ಟು ನೀರಿನಲ್ಲಿ ತೇಲಿ ಹಸಿರು ಮಿಶ್ರಿತ ನೀಲಿ ಕಾಣುತ್ತದೆ. ಕೋಲ್ಚಕ್ ಅಂದರೆ ಚಿನೂಕ್ ಅನ್ನುವ ಹಳೆಯ ವ್ಯಾಪಾರದ ಮಾತಿನಲ್ಲಿ ತಣ್ಣೀರು ಅಂತಲೇ ಅರ್ಥ. ಕಾಲಿಟ್ಟೆ, ಹತ್ತು ಎಣಿಸುವಷ್ಟರಲ್ಲಿ ತೆಗೆದೆ. ಗಾಜಿನ ಹಾಗೆ ತಿಳಿಯಾಗಿದ್ದರೂ ಹಾಗೇ ಕುಡಿಯುವಂತಿಲ್ಲ. ಜಿಯಾರ್ಡಿಯಾ ಅನ್ನುವ ಕಣ್ಣಿಗೆ ಕಾಣದ ಜೀವಿ ಇರಬಹುದು, ಹೊಟ್ಟೆ ಕೆಡುತ್ತದೆ. ಸೋಸಿಯೇ ಕುಡಿದೆವು. ಅಜ್ಜಿ ಡಂಬಳದ ಮನೆಯಲ್ಲಿ ಕೊಡದ ಬಾಯಿಗೆ ಬಿಳಿ ಪಂಚೆ ಕಟ್ಟಿ ನೀರು ಸೋಸುತ್ತಿದ್ದಳಲ್ಲ, ಕೈಯಲ್ಲಿ ನೀರು ಸೋಸುವ ಚೀಲ ಹಿಡಿದಾಗ ಅವಳೇ ನೆನಪಾದಳು.

ಕರಡಿಯ ಮಾತು. ಕಪ್ಪು ಕರಡಿ ಇವೆ, ನಾವು ಕಾಣಲಿಲ್ಲ. ವಾಸನೆ ಬರುವುದೆಲ್ಲಾ, ಟೂತ್‌ಪೇಸ್ಟು ಕೂಡ, ಒಂದು ಗಟ್ಟಿ ಡಬ್ಬಿಯಲ್ಲಿ ಹಾಕಿ ಡೇರೆಯಿಂದ ದೂರ ಇಡಬೇಕು. ಕಂಡದ್ದು ಬೆಟ್ಟದ ಬಿಳಿ ಮೇಕೆಗಳು, ತಾಯಿ ಮತ್ತು ಮರಿ. ಅವಕ್ಕೆ ಉಪ್ಪಿನ ಆಸೆ ಎಷ್ಟು ಅಂದರೆ ಮನುಷ್ಯರ ಮೂತ್ರ, ಬೆವರಿನ ಚೀಲದ ಪಟ್ಟಿ ನೆಕ್ಕಲು ಬರುತ್ತವೆ. ಹಾಗೆ ಸಲಿಗೆ ಬೆಳೆದರೆ ಅವಕ್ಕೂ ಕೇಡು, ನಮಗೂ ಅಪಾಯ.

ಶನಿವಾರ ಆಸ್ಗಾರ್ಡ್ ಕಣಿವೆ, ಅಂದರೆ ಬೆಟ್ಟದ ಸಾಲು ದಾಟುವ ಕಡಿದಾದ ದಾರಿ, ಹತ್ತಿದೆವು. ಒಂದು ಕಿಲೋಮೀಟರ್ ಚಿಲ್ಲರೆ ದೂರದಲ್ಲಿ 600 ಮೀಟರಿಗೂ ಜಾಸ್ತಿ ಏರು, ಬರೀ ಬಂಡೆ ಮತ್ತು ಸಡಿಲ ಕಲ್ಲು. ಮೇಲೆ ಸುಮಾರು 2,380 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಅಲ್ವಾ, ಅದಕ್ಕಿಂತ ಎತ್ತರ. ತುದಿಯಲ್ಲಿ ಬೀಸಿದ ಗಾಳಿ ಮಾತ್ರ ಕಪ್ಪತಗುಡ್ಡದ ಗಾಳಿಗುಂಡಿ ಬಸವಣ್ಣನ ಹತ್ತಿರದ್ದೇ. ಅಪ್ಪ, ನೀವು ನನ್ನ ಕೈ ಬಿಗಿಯಾಗಿ ಹಿಡಿದು ಅಲ್ಲಿ ನಿಂತದ್ದು ನೆನಪಿದೆಯಾ?

ಆಚೆ ಇಳಿದರೆ ಲಾರ್ಚ್ ಮರಗಳು. ಪೈನ್ ಜಾತಿಯ ಮರವೇ, ಆದರೆ ಚಳಿಗಾಲಕ್ಕೆ ಮೊದಲು ಸೂಜಿ ಎಲೆಗಳೆಲ್ಲಾ ಹಳದಿಯಾಗಿ ಉದುರಿಹೋಗುತ್ತವೆ. ನಾವು ಹೋದ ವಾರ ಇಡೀ ಕೊಳ್ಳವೇ ಬಂಗಾರವಾಗಿತ್ತು. ಬನ್ನಿ ಎಲೆಗೆ ಬಂಗಾರ ಅನ್ನುತ್ತೇವಲ್ಲ, ಅದೇ ನೆನಪಾಗಿ ಗಂಟಲು ಕಟ್ಟಿತು. ಉದುರಿದ ಸೂಜಿ ಒಂದು ಚಿಟಿಕೆ ಎತ್ತಿ ರಾಣೇಬೆನ್ನೂರಿನವನಿಗೆ "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅಂದೆ. ಅವನೂ ಕೊಟ್ಟ. ಉಳಿದಿಬ್ಬರಿಗೂ ಕೊಟ್ಟೆವು. ಆಮೇಲೆ ಅಲ್ಲೇ ಬಿಟ್ಟು ಬಂದೆವು, ಏನೂ ತರುವಂತಿಲ್ಲ.

ಇನ್ನು ಹೇಳದೇ ಬಿಟ್ಟ ಸಂಗತಿ. ಕಣಿವೆ ಇಳಿಯುವಾಗ ಕಾಲ ಕೆಳಗಿನ ಕಲ್ಲು ಸರಿದು ಜಾರಿದೆ. ಎರಡಾಳು ಉದ್ದ ಜಾರಿರಬಹುದು. ಮೊಣಕಾಲು, ಅಂಗೈ ತರಚಿತು. ಮೂಳೆಗೆ ಏನೂ ಆಗಿಲ್ಲ, ಈಗ ಗಾಯ ಒಣಗಿದೆ. ಆದರೆ ಆ ಹೊತ್ತು ಕೈಕಾಲು ನಡುಗಿತು, ನಿಮ್ಮಿಬ್ಬರ ಮುಖ ಕಣ್ಣ ಮುಂದೆ ಬಂತು. ಅವಸರ ಮಾಡಿದ್ದು ನನ್ನ ತಪ್ಪೇ. ಆಫೀಸಿನ ಗೆಳತಿ ಗಾಯ ತೊಳೆದು ಪಟ್ಟಿ ಕಟ್ಟಿದಳು. ಭಾನುವಾರ ಇಳಿಯುವಾಗ ನಾನು ಬೇಡ ಬೇಡ ಅಂದರೂ ನನ್ನ ಚೀಲದ ಭಾರವನ್ನು ಮೂವರೂ ಹಂಚಿಕೊಂಡರು.

ಅವ್ವ, ನಿನ್ನ ಪ್ರಶ್ನೆಗೆ ಉತ್ತರ ಶನಿವಾರ ರಾತ್ರಿಯದು. ಬೆಂಕಿ ಹಾಕುವಂತಿಲ್ಲ, ಸಣ್ಣ ಗ್ಯಾಸ್ ಒಲೆಯಲ್ಲಿ ಬೇಳೆ ಕುದಿಸಿದೆವು. ನೀನು ಆಗಸ್ಟಿನಲ್ಲಿ ಕಳಿಸಿದ ಕಡಕ್ ರೊಟ್ಟಿ ಮುರಿದು ಹಾಕಿದೆ. ಮೇಲೆ ಶೇಂಗಾ ಹಿಂಡಿ, ಗುರೆಳ್ಳು ಪುಡಿ. ಇಲ್ಲಿಯವರು ಇಂಥ ತಿರುಗಾಟಕ್ಕೆ ಅಂತ ಒಣಗಿಸಿದ ಊಟದ ಪೊಟ್ಟಣ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಹಗುರ, ಕೆಡುವುದಿಲ್ಲ, ಬಿಸಿನೀರು ಬಿದ್ದರೆ ಊಟ. ನಿನ್ನ ರೊಟ್ಟಿಯೂ ಅದೇ ಅಲ್ವಾ? ನಾಲ್ಕೂ ಜನ ಒಂದೇ ಪಾತ್ರೆ ಸುತ್ತ ಕೂತು ಉಂಡೆವು. ಸೀಗಿ ಹುಣ್ಣಿಮೆಗೆ ಮೂರೇ ದಿನ ಇತ್ತು, ಚಂದ್ರ ಬಂಡೆಯ ಮೇಲೆ ಬಂದ. ಅಜ್ಜಿಯ ಹೊಲದಲ್ಲಿ ಬುತ್ತಿ ಬಿಚ್ಚಿ ಕೂತ ಹಾಗೇ ಆಯಿತು. ನಾಲ್ಕು ವರ್ಷದಲ್ಲಿ ಇಲ್ಲಿ ಅಂಥ ಊಟ ಉಂಡಿರಲಿಲ್ಲ. ಹೊಲದಲ್ಲಿ ಭೂತಾಯಿಗೆ ಚೆಲ್ಲುವ ಹಾಗೆ ಚರಗ ಚೆಲ್ಲಬೇಕು ಅನಿಸಿತು, ಆದರೆ ಒಂದು ಅಗುಳೂ ನೆಲಕ್ಕೆ ಬೀಳಿಸುವಂತಿಲ್ಲ, ಪ್ರಾಣಿಗಳಿಗೆ ನಮ್ಮ ಊಟದ ರುಚಿ ಹತ್ತಬಾರದು. ಕೆರೆಯ ಕಡೆ ಮುಖ ಮಾಡಿ ಮೆಲ್ಲಗೆ "ಹುಲ್ಲುಲ್ಲಿಗೋ" ಅಂದೆ ಅಷ್ಟೇ.

ಡಿಸೆಂಬರಿನಲ್ಲಿ ಬರುತ್ತೇನೆ. ಅಪ್ಪ, ನಿಮ್ಮ ಮೊಣಕಾಲಿಗೆ ಅಂತ ಎರಡು ಊರುಗೋಲು ಕೊಂಡಿದ್ದೇನೆ, ಏರಿನಲ್ಲಿ ಬಹಳ ಆಸರೆ. ಮೂವರೂ ಕಪ್ಪತಗುಡ್ಡಕ್ಕೆ ಹೋಗೋಣ, ಮೆಲ್ಲಗೆ, ದಾರಿಯಲ್ಲಿ ಕೂತು ಕೂತು. ಅವ್ವ, ರೊಟ್ಟಿ ನಾಲ್ಕೇ ಉಳಿದಿವೆ. ಮರಳಿ ಬರುವಾಗ ನಾನೇ ತರುತ್ತೇನೆ. ಗುರೆಳ್ಳು ಪುಡಿಗೆ ಬೆಳ್ಳುಳ್ಳಿ ಸ್ವಲ್ಪ ಜಾಸ್ತಿ ಹಾಕು, ಕುಂದಾಪುರದವಳು ಈಗಲೇ ಕೇಳಿ ಇಟ್ಟಿದ್ದಾಳೆ.

ನಿಮ್ಮ ಮಗಳು