ಗ್ಲಾಸಿಗೆ ಮುಚ್ಚಳ ಹಾಕಿದ ಮಗಳಿಗೆ

ಕಲಬುರಗಿ

ಪ್ರೀತಿಯ ಮಗಳೇ,

ನೀನು ಕಳಿಸಿದ ಗಣಿತದ ಉತ್ತರ ಪತ್ರಿಕೆಯ ಫೋಟೋ ನೋಡಿದೆ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂತ ಇಟ್ಟುಬಿಡ್ತೀಯ, ಅದಕ್ಕೇ ಬರೀತಿದ್ದೇನೆ. ಸೂತ್ರ ಸರಿಯಾಗಿದೆ, ಗುಣಾಕಾರವೂ ಸರಿ. ಆದರೆ ನೀರು ಕುಡಿಯುವ ಗ್ಲಾಸಿನ ಮೇಲ್ಮೈ ಎಷ್ಟು ಅಂತ ಕೇಳಿದ್ದಕ್ಕೆ ನೀನು ಸಿಲಿಂಡರಿನ ಪೂರ್ಣ ಮೇಲ್ಮೈ ವಿಸ್ತೀರ್ಣ ತೆಗೆದಿದ್ದೀಯ. ಮೇಲೆ ಒಂದು, ಕೆಳಗೆ ಒಂದು, ಎರಡು ವೃತ್ತ. ಅಂದರೆ ಗ್ಲಾಸಿಗೆ ಮುಚ್ಚಳ ಹಾಕಿಬಿಟ್ಟೆ! ಹಾಗಾದರೆ ಕುಡಿಯುವುದು ಹೇಗವ್ವಾ?

ನಗಬೇಡ. ಇದಕ್ಕಿಂತ ದೊಡ್ಡ ತಪ್ಪು ನಿಮ್ಮಪ್ಪನೇ ಮಾಡಿದ್ದಾನೆ.

ನೀನು ಆಗ ಎರಡನೇ ಕ್ಲಾಸು. ಮನೆ ಮುಂದೆ ಸಂಪು ಕಟ್ಟಿಸಿದೆವು. 8 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಆಳ ಗುಂಡಿ ತೋಡಿಸಿದೆ. ಗುಣಿಸಿದರೆ 288 ಘನ ಅಡಿ. ಒಂದು ಘನ ಅಡಿಗೆ ಸುಮಾರು 28.3 ಲೀಟರ್. ಎಂಟು ಸಾವಿರ ಲೀಟರ್ ಮೇಲೆ ಬಂತು. ಭಾರೀ ಖುಷಿ. ಮೇ ತಿಂಗಳ ಬಿಸಿಲಿಗೆ ನಲ್ಲಿ ಕೈಕೊಟ್ಟಾಗ 5000 ಲೀಟರಿನ ಟ್ಯಾಂಕರ್ ತರಿಸಿದೆ. ಪೈಪು ಬಿಟ್ಟು ಚಹಾ ಕುಡಿಯಲು ಒಳಗೆ ಹೋದೆ. ಹೊರಗೆ ಕೂಗಾಟ. ನೀರು ಓಣಿಯಲ್ಲಿ ಹರಿಯುತ್ತಿದೆ, ಅಕ್ಕಪಕ್ಕದವರು ಕೊಡ, ಬಕೆಟ್ ಹಿಡಿದು ಓಡಿ ಬರುತ್ತಿದ್ದಾರೆ. ನಿಮ್ಮವ್ವ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಆಮೇಲೆ ಟೇಪ್ ಹಿಡಿದು ಸಂಪಿನ ಒಳಗೆ ಅಳೆದೆ. ಗೌಂಡಿ ಕಟ್ಟಿದ ಗೋಡೆ ಮುಕ್ಕಾಲು ಅಡಿ ದಪ್ಪ. ಎರಡೂ ಕಡೆ ಸೇರಿ ಒಂದೂವರೆ ಅಡಿ ಹೋಯಿತು. ಉದ್ದ ಆರೂವರೆ, ಅಗಲ ನಾಲ್ಕೂವರೆ. ತಳದ ಕಾಂಕ್ರೀಟ್ ಅರ್ಧ ಅಡಿ, ಮೇಲೆ ಸ್ಲ್ಯಾಬ್ ಹತ್ತಿರ ಇನ್ನರ್ಧ ಅಡಿ. ನೀರು ನಿಲ್ಲುವುದು 5 ಅಡಿ ಮಾತ್ರ. ಈಗ ಗುಣಿಸು. 146 ಘನ ಅಡಿ ಚಿಲ್ಲರೆ, ಅಂದರೆ ಸುಮಾರು 4100 ಲೀಟರ್. ಒಂದೊಂದು ಕಡೆ ಹೋಗಿದ್ದು ಸ್ವಲ್ಪವೇ. ಮೂರನ್ನೂ ಗುಣಿಸಿದಾಗ ಅರ್ಧ ನೀರೇ ಮಾಯ! ಮಣ್ಣು ಹೊರಹಾಕುವ ಕೂಲಿಗೆ ಹೊರಗಿನ ಅಳತೆ, ನೀರಿಗೆ ಒಳಗಿನ ಅಳತೆ. ನಾನು ಗುಂಡಿ ಅಳೆದು ಸಂಪು ಅಂದುಕೊಂಡಿದ್ದೆ.

ಮುಂದೆ, ನೀರು ಸೋರದ ಹಾಗೆ ಒಳಗೆ ಮತ್ತೆ ಗಿಲಾವು ಮಾಡಿಸುವಾಗ ಮಾತ್ರ ಗೌಂಡಿಗಿಂತ ಮೊದಲು ನಾನೇ ಲೆಕ್ಕ ಹಾಕಿದ್ದೆ. ನೀರು ಮುಟ್ಟುವ ನಾಲ್ಕು ಗೋಡೆ 110 ಚದರ ಅಡಿ, ತಳ ಸುಮಾರು 29. ಅವನು ಮೇಲಿನ ಸ್ಲ್ಯಾಬನ್ನೂ ಸೇರಿಸಿ ಹೇಳಿದ. ನಿನ್ನ ಗ್ಲಾಸಿನ ಹಾಗೇ, ಅವನೂ ಮುಚ್ಚಳ ಹಾಕಿದ್ದ. ಅವನದು ಮಾತ್ರ ಬೇಕಂತಲೇ ಇರಬಹುದು.

ನಾಚಿಕೆಯ ವಿಷಯ ಏನು ಗೊತ್ತಾ? ನಮ್ಮ ಊರಿಗೆ ಮಳಖೇಡ ದೂರವೇನಲ್ಲ. ರಾಷ್ಟ್ರಕೂಟರ ರಾಜಧಾನಿ ಅದು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ತಮ್ಮ ಗಣಿತ ಗ್ರಂಥದಲ್ಲಿ ಅಗೆದ ಗುಂಡಿಗಳ ಲೆಕ್ಕಕ್ಕೇ ಒಂದು ಅಧ್ಯಾಯ ಇಟ್ಟಿದ್ದಾರೆ. ಸಾವಿರ ವರ್ಷ ಆದಮೇಲೆ ಅದೇ ಸೀಮೆಯಲ್ಲಿ ನಿಮ್ಮಪ್ಪ ಓಣಿಗೆ ನೀರು ಬಿಟ್ಟ.

ನಿಮ್ಮ ಮುತ್ಯಾ ಇಂಥ ತಪ್ಪು ಮಾಡುವವರಲ್ಲ. ಕಣದಲ್ಲಿ ತೊಗರಿ ರಾಶಿ ನೋಡಿ "ಆರು ಕ್ವಿಂಟಲಿಗೆ ಸ್ವಲ್ಪ ಕಮ್ಮಿ" ಅಂದುಬಿಡುತ್ತಿದ್ದರು. ಒಮ್ಮೆ ಪರೀಕ್ಷೆ ಮಾಡೋಣ ಅಂತ ಹಗ್ಗ ಸುತ್ತಿ ನೋಡಿದೆ. ಸುತ್ತಳತೆ 22 ಅಡಿ, ಹಾಗಾದರೆ ತ್ರಿಜ್ಯ ಮೂರೂವರೆ. ಎತ್ತರ 2 ಅಡಿ. ರಾಶಿ ಅಂದರೆ ಶಂಕು, ಅದೇ ತಳ, ಅದೇ ಎತ್ತರದ ಸಿಲಿಂಡರಿನ ಮೂರರಲ್ಲಿ ಒಂದು ಭಾಗ ತಗೊಳ್ಳಬೇಕು. 25.7 ಘನ ಅಡಿಯಷ್ಟು, ಅಂದರೆ ಸುಮಾರು 726 ಲೀಟರ್ ಬಂತು. ಹತ್ತು ಲೀಟರಿನ ಬಕೆಟ್ ತುಂಬಿ ತೂಗಿದೆ, 8 ಕೆಜಿ. ಒಟ್ಟು 580 ಕೆಜಿ. ಮುತ್ಯಾ ಬೀಡಿ ಸೇದುತ್ತಾ ಸುಮ್ನೆ ನಕ್ಕರು.

ಈಗ ನಿನಗೊಂದು ಕೆಲಸ. ಜೋಳದ ಡ್ರಮ್ಮಿಗೆ ತುಕ್ಕು ಹಿಡಿದಿದೆ, ಹೊರಗೆ ಬಣ್ಣ ಹಚ್ಚಬೇಕು. ಅಡ್ಡಳತೆ 2 ಅಡಿ, ಎತ್ತರ ಮೂರೂವರೆ. ತಳ ನೆಲಕ್ಕೆ ತಾಗಿರುತ್ತದೆ, ಅದಕ್ಕೆ ಬಣ್ಣ ಬೇಡ. ಎಷ್ಟು ಚದರ ಅಡಿ ಅಂತ ಭಾನುವಾರ ಫೋನ್ ಮಾಡಿ ಹೇಳು, ಸೋಮವಾರ ಅಂಗಡಿಗೆ ಹೋಗುತ್ತೇನೆ.

ಇದಕ್ಕೆ ಮಾತ್ರ ಮುಚ್ಚಳ ಇದೆ, ನೆನಪಿರಲಿ.

ನಿನ್ನ,
ಅಪ್ಪ